ಗುಮ್ಮ ಎಲ್ಲಿಂದ ಬರುತ್ತಾನೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಡಿಸೆಂಬರ್ ತಿಂಗಳಲ್ಲಿ ಏರ್ಪಡಿಸಿದ್ದ ಉಪನ್ಯಾಸದ ಬರಹರೂಪ. ಉಪನ್ಯಾಸಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ಕನ್ನಡ ಅಧ್ಯಾಪಕರು.)



ನನಗೆ ಕೊಟ್ಟಿದ್ದ ವಿಷಯ ‘ಉತ್ತರ ಕರ್ನಾಟಕದ ಜಾನಪದ’. ಅದು ಸಮುದ್ರ. ಅರ್ಧ ತಾಸಿನಲ್ಲಿ ಸಮುದ್ರಕ್ಕೆ ಇಳಿದು ಬರಲಾದೀತೇ ಎಂದು ಯೋಚಿಸುತ್ತ ಕುಳಿತಿದ್ದೆ. ಕಳೆದ ವಾರ ಆಮಂತ್ರಣ ಪತ್ರಿಕೆ ಕೊಡಲು ಗುರುಗಳ ಜೊತೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕಷ್ಟ ಬಗೆಹರಿಸಿದಳು. ಆಕೆ ತನ್ನ ಅಪ್ಪನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಿಳಿ ಗಡ್ಡದ ಅಜ್ಜ, ಕೈಯಲ್ಲಿ ದಂಡ. ಅವನ ಪಕ್ಕದಲ್ಲಿ ಮೈತುಂಬ ಕರಿ ಕೂದಲಿನ, ಎರಡು ಕೋಡಿನ, ನಾಲಗೆ ಹೊರಚಾಚಿದ ಒಬ್ಬ ರಾಕ್ಷಸ. “ಸರ್, ಸಾಂತಾಕ್ಲಾಸ್ ಚಲೋ ಮನಷ್ಯಾ ಅಲ್ರಿ? ಮತ್ತ ಇವನ್ನ ಯಾಕ ಜೋಡಿ ಕರಕೊಂಡು ಬರ್ತಾನ್ರಿ?” ಎಂದು ಕೇಳಿದಳು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಹೇಳುತ್ತೇನೆ. ಆ ಹುಡುಗಿ ಇಲ್ಲೇ ಎಲ್ಲೋ ಕುಳಿತಿದ್ದಾಳೆ.

ಆ ಕೋಡಿನವನ ಹೆಸರು ಕ್ರಾಂಪುಸ್. ಆಸ್ಟ್ರಿಯಾ, ಜರ್ಮನಿಯ ಬವೇರಿಯಾ ಮತ್ತು ಸುತ್ತಲಿನ ಆಲ್ಪ್ಸ್ ಪರ್ವತದ ಹಳ್ಳಿಗಳು ಅವನ ಸೀಮೆ. ಅವನು ಬರುವುದು ಡಿಸೆಂಬರ್ 25ಕ್ಕಲ್ಲ, 5ರ ರಾತ್ರಿ. ಮರುದಿನ ಸಂತ ನಿಕೋಲಾಸನ ಹಬ್ಬ. ಈ ನಿಕೋಲಾಸ 4ನೇ ಶತಮಾನದಲ್ಲಿ ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಆಗಿದ್ದವನು. ಡಚ್ಚರ ಬಾಯಲ್ಲಿ ಅವನು ಸಿಂಟರ್‌ಕ್ಲಾಸ್, ಅಮೆರಿಕ ಮುಟ್ಟಿದ ಮೇಲೆ ಸಾಂತಾಕ್ಲಾಸ್. ಹಬ್ಬದ ಹಿಂದಿನ ರಾತ್ರಿ ಬಿಷಪ್ಪನ ವೇಷ ತೊಟ್ಟವನು ಮನೆಯೊಳಗೆ ಬಂದು ಮಕ್ಕಳನ್ನು ವಿಚಾರಿಸುತ್ತಾನೆ. ಪ್ರಾರ್ಥನೆ ಕಲಿತಿದ್ದೀಯಾ? ತಾಯಿಯ ಮಾತು ಕೇಳಿದ್ದೀಯಾ? ಹೌದೆಂದರೆ ಸೇಬು, ಸಿಹಿ. ಅಷ್ಟು ಹೊತ್ತು ಬಾಗಿಲ ಬಳಿ ಕ್ರಾಂಪುಸ್ ಕಾಯುತ್ತಿರುತ್ತಾನೆ. ಆಡು-ಕುರಿಯ ತೊಗಲು ಹೊದ್ದಿದ್ದಾನೆ, ಕಟ್ಟಿಗೆಯ ಮುಖವಾಡ, ಸೊಂಟಕ್ಕೆ ಗಂಟೆ, ಕೈಯಲ್ಲಿ ಬೆತ್ತದ ಬದಲು ಸಣ್ಣ ಟೊಂಗೆಗಳ ಕಟ್ಟು, ಬೆನ್ನಿಗೆ ಬುಟ್ಟಿ. ಬುಟ್ಟಿ ಹೇಳಿದ ಮಾತು ಕೇಳದವರನ್ನು ಹಾಕಿಕೊಂಡು ಹೋಗಲಿಕ್ಕೆ. ನಮ್ಮ ಕಾಲದಲ್ಲಿ ತಪಾಸಣೆಗೆ ಸಾಹೇಬರು ಬಂದಾಗ ಹೀಗೇ ಆಗುತ್ತಿತ್ತು. ನಗುತ್ತ ಪ್ರಶ್ನೆ ಕೇಳುವವರು ಸಾಹೇಬರು, ಅವರ ಹಿಂದೆ ಕಣ್ಣು ಬಿಡುತ್ತ ನಿಂತವರು ನಮ್ಮ ಮಾಸ್ತರು. ಸಾಹೇಬರು ಒಳ್ಳೆಯವರಾಗಿ ಉಳಿಯಬೇಕಾದರೆ ಬೆತ್ತ ಬೇರೆಯವರ ಕೈಯಲ್ಲಿರಬೇಕು. ಮಗಳೇ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಷ್ಟೇ.

ಉಳಿದರ್ಧ, ಇಂಥವರು ಎಲ್ಲಿಂದ ಬಂದರು ಎಂಬುದು. ಮೊಬೈಲಿನಲ್ಲಿ ಹುಡುಕಿದರೆ ಕ್ರಾಂಪುಸ್ ಉತ್ತರ ಯುರೋಪಿನ ಪಾತಾಳದ ದೇವತೆ ಹೆಲ್‌ಳ ಮಗ, ಸಾವಿರಾರು ವರ್ಷ ಹಳಬ ಎಂದು ಬರುತ್ತದೆ. ಹಳೆಯ ಗ್ರಂಥಗಳಲ್ಲಿ ಆ ಮಾತೇ ಇಲ್ಲ. ಬಿಷಪ್ಪನ ಜೊತೆ ಸೈತಾನನ ವೇಷವೂ ಬರುವ ಆಟ, ಮೆರವಣಿಗೆಗಳು ಬೆಳೆದದ್ದು 16–17ನೇ ಶತಮಾನಗಳಲ್ಲಿ. ಪ್ರತಿಯೊಂದು ಆಚರಣೆಯ ಹಿಂದೆಯೂ ಮರೆತುಹೋದ ಪುರಾತನ ದೇವತೆ ಇದ್ದೇ ಇದ್ದಾಳೆ ಎಂಬ ಅಭ್ಯಾಸಕ್ಕೆ ಬಲ ಬಂದದ್ದು 1835ರಲ್ಲಿ ಯಾಕೋಬ್ ಗ್ರಿಮ್ ಜರ್ಮನ್ ಪುರಾಣಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಮೇಲೆ. ಮಕ್ಕಳ ಕಥೆಗಳ ಗ್ರಿಮ್ ಸೋದರರಲ್ಲಿ ದೊಡ್ಡವರು ಅವರು. ಪಂಡಿತರು ದೊಡ್ಡವರೇ. ಆದರೆ ನಮ್ಮಲ್ಲೂ ಕೆಲವರು ಹಾಗೆಯೇ. ಊರ ಮುಂದಿನ ಕಲ್ಲೊಂದು ಕಂಡರೆ ಅದನ್ನು ರಾಮಾಯಣಕ್ಕೆ ಮುಟ್ಟಿಸದೆ ಬಿಡುವುದಿಲ್ಲ. ನಿಜವಾದ ಮೂಲ ಎಷ್ಟೋ ಸಲ ಬಹಳ ಹತ್ತಿರ, ಬಹಳ ಸಾಮಾನ್ಯ ಜಾಗದಲ್ಲಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಫ್ರಾನ್ಸ್–ಜರ್ಮನಿಯ ಗಡಿಯ ಅಲ್ಸೇಸ್ ಸೀಮೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳನ್ನು ಹೆದರಿಸುವವನ ಹೆಸರು ಹಾನ್ಸ್ ಟ್ರಾಪ್. ಅವನು ರಾಕ್ಷಸನಲ್ಲ, ಬದುಕಿದ್ದ ಮನುಷ್ಯ. ಹಾನ್ಸ್ ಫಾನ್ ಟ್ರೋಟಾ ಎಂಬ ಸರದಾರ, 1503ರಲ್ಲಿ ತೀರಿಕೊಂಡ. ಅವನಿಗೆ ಬೆರ್ವಾರ್ಟ್‌ಸ್ಟೈನ್ ಎಂಬ ಕೋಟೆ ಸಿಕ್ಕಿತ್ತು. ಆ ಆಸ್ತಿ ತಮ್ಮದು ಎಂದು ಪಕ್ಕದ ವೈಸೆನ್‌ಬುರ್ಗ್‌ನ ಕ್ರೈಸ್ತ ಮಠದವರ ತಕರಾರು. ಜಗಳ ಬೆಳೆಯಿತು. ಸರದಾರ ನದಿಗೆ ಒಡ್ಡು ಹಾಕಿ ಕೆಳಗಿನ ಊರಿಗೆ ನೀರು ನಿಲ್ಲಿಸಿದ. ಮಠಾಧಿಪತಿ ದೂರು ಹೇಳಿದಾಗ ಒಡ್ಡು ಒಡೆಸಿ ಊರಿಗೆ ನೀರು ನುಗ್ಗಿಸಿದ. ನದಿ ನೀರಿನ ತಂಟೆ ಏನೆಂದು ಮಹದಾಯಿಯ ಹೆಸರು ಕೇಳುತ್ತ ಬೆಳೆದ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ! ಕೊನೆಗೆ ಪೋಪ್ ಅವನನ್ನು ಧರ್ಮದಿಂದ ಹೊರಗೆ ಹಾಕಿದರು. ಮನುಷ್ಯ ಸತ್ತ, ಜಗಳ ಮರೆತುಹೋಯಿತು, ಹೆಸರು ಮಾತ್ರ ತಾಯಂದಿರ ಬಾಯಲ್ಲಿ ಉಳಿಯಿತು. ಐನೂರು ವರ್ಷವಾದರೂ ಆ ಸರದಾರ ಕ್ರಿಸ್‌ಮಸ್‌ನಲ್ಲಿ ಮಕ್ಕಳನ್ನು ಹೆದರಿಸುತ್ತಲೇ ಇದ್ದಾನೆ.

ಆ ಸೀಮೆಗೂ ನಮ್ಮ ಅವಳಿ ನಗರಕ್ಕೂ ಹಳೆಯ ನಂಟಿದೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಹೆಬಿಕ್, ಮೋಗ್ಲಿಂಗ್ ಮೊದಲಾದವರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಆ ಕಡೆಯ ಹಳ್ಳಿಗಳಲ್ಲಿ ಚಳಿಗಾಲಕ್ಕೆ ತೊಗಲ ಅಂಗಿ ತೊಟ್ಟು ಬರುವ ‘ಪೆಲ್ಟ್ಸ್‌ಮೇರ್ಟೆ’ ಎಂಬವನಿದ್ದ. ತೊಗಲಂಗಿಯ ಮಾರ್ಟಿನ್ ಎಂದು ಅರ್ಥ. ನಮ್ಮ ನಿಘಂಟಿನ ಕಿಟೆಲ್ಲರು ಹುಟ್ಟಿದ್ದು ಉತ್ತರ ಜರ್ಮನಿಯ ಕಡಲ ದಂಡೆಯಲ್ಲಿ, 1832ರಲ್ಲಿ. ಭಾರತಕ್ಕೆ ಬಂದದ್ದು 1853ರಲ್ಲಿ. ಧರ್ಮನಿಷ್ಠರಾದ ಈ ಪಾದ್ರಿಗಳಿಗೆ ಇಂಥ ವೇಷಗಳು ಪ್ರಿಯವಾಗಿರಲಿಕ್ಕಿಲ್ಲ. ನನ್ನ ಕುತೂಹಲ ಬೇರೆ. ಭಾದ್ರಪದದ ಒಂದು ಬೆಳಿಗ್ಗೆ ಧಾರವಾಡದ ಓಣಿಯಲ್ಲಿ ನಮ್ಮವನೊಬ್ಬ ಬುಟ್ಟಿಯಲ್ಲಿ ಕುಳಿತು ಬರುವುದನ್ನು ಕಂಡಿದ್ದರೆ ಅವರಿಗೆ ತಮ್ಮ ಊರು ನೆನಪಾಗುತ್ತಿತ್ತೇ?

ನಮ್ಮವನು ಅಂದರೆ ಜೋಕುಮಾರಸ್ವಾಮಿ. ಈಗಿನ ಮಕ್ಕಳಲ್ಲಿ ಎಷ್ಟು ಜನ ನೋಡಿದ್ದೀರಿ, ಕೈ ಎತ್ತಿ. ನಾಲ್ಕು, ಐದು. ಸರಿ, ಹಾಗಾದರೆ ಹೇಳಲೇಬೇಕು.

ಗಣೇಶ ಬಂದ ನಾಲ್ಕು ದಿನಕ್ಕೆ, ಅಷ್ಟಮಿಯಂದು ಜೋಕುಮಾರ ಹುಟ್ಟುತ್ತಾನೆ. ಹಸಿ ಮಣ್ಣಿನ ಗೊಂಬೆ. ಹೊರಗೆ ಬಂದ ದೊಡ್ಡ ಕಣ್ಣು, ಹುರಿ ಮೀಸೆ, ತೆರೆದ ಬಾಯಿ, ಬಾಯಿತುಂಬ ಬೆಣ್ಣೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂಡಿಸಿ, ಅಂಬಿಗರ, ಬಾರಿಕೇರ, ತಳವಾರ ಮನೆತನದ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ಹಾಕುತ್ತಾರೆ. ಅವರು ಬೇವಿನ ಎಲೆ, ಕಾಡಿಗೆ ಕೊಡುತ್ತಾರೆ. ನಾನು ಸಣ್ಣವನಿದ್ದಾಗ ಆ ಬುಟ್ಟಿ ಅಂಗಳಕ್ಕೆ ಇಳಿದರೆ ಅವ್ವನ ಸೀರೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಆದರೂ ಸೀರೆಯ ಸಂದಿಯಿಂದ ನೋಡದೆ ಇರಲಿಕ್ಕೂ ಆಗುತ್ತಿರಲಿಲ್ಲ.

ಅವನ ಆಯುಷ್ಯ ಏಳು ದಿನ. ಕಥೆಯಲ್ಲಿ ಅವನು ಹದ್ದು ಮೀರಿದವನು, ಕಂಡ ಹೆಣ್ಣಿನ ಬೆನ್ನು ಹತ್ತುವವನು. ಅನಂತನ ಹುಣ್ಣಿಮೆಯ ರಾತ್ರಿ ಅವನ ಸಾವು. ಊರಿಂದೂರಿಗೆ ಪದ್ಧತಿ ಬೇರೆ. ಕೆಲವು ಕಡೆ ಸುತ್ತಲೂ ಬಾರಿಮುಳ್ಳು ಹಾಕಿ, ಸುತ್ತುತ್ತ ಹಾಡುವ ಹೆಂಗಸರ ಸೀರೆಗೆ ಮುಳ್ಳು ಸಿಕ್ಕಿದಾಗ ‘ಜೋಕುಮಾರ ಹಿಡಿದ’ ಎಂದು ಒನಕೆಯಿಂದ ಬಡಿಯುತ್ತಾರೆ. ಆಮೇಲೆ ಅವನನ್ನು ಒಯ್ದು ಹಾಕುವುದು ಅಗಸರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಮೂರು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ. ಆ ಹುಣ್ಣಿಮೆಯ ರಾತ್ರಿ ನಮ್ಮನ್ನು ಹೊತ್ತು ಮುಳುಗುವ ಮೊದಲೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಅವನು ಹೆದರಿಸುವ ಗೊಂಬೆ ಮಾತ್ರ ಆಗುತ್ತಿದ್ದ. ಆದರೆ ನಮ್ಮ ಜನ ಅವನಿಗೆ ಒಂದು ಕೆಲಸ ಕೊಟ್ಟಿದ್ದಾರೆ. ಗಣಪತಿ ಭೂಮಿಗೆ ಬಂದು ಕಡುಬು ಉಂಡು ಹೋಗಿ ಶಿವನಿಗೆ ‘ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ’ ಎಂದು ಹೇಳುತ್ತಾನೆ. ಜೋಕುಮಾರ ಓಣಿ ಓಣಿ ತಿರುಗಿದವನು, ಬಡವರ ಅಂಬಲಿ ಕಂಡವನು. ಅವನು ಹೋಗಿ ‘ಮಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಆಮೇಲೆ ಮಳೆ. ಸೌಮ್ಯ ಮುಖದವನು ಸುಖದ ವರದಿ ಒಯ್ಯುತ್ತಾನೆ, ವಿಕಾರ ಮುಖದವನು ನಿಜದ ವರದಿ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದಾಗ ಗೌಡನ ದಬ್ಬಾಳಿಕೆಯ ಕಥೆಯನ್ನು ಈ ಹಬ್ಬದ ಒಳಗೆ ಇಟ್ಟದ್ದು ಸುಮ್ಮನೆ ಅಲ್ಲ.

ಕ್ರಾಂಪುಸ್ ಮತ್ತು ಜೋಕುಮಾರ ಅಣ್ಣತಮ್ಮಂದಿರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೂ ಗ್ರಿಮ್ ಸಾಹೇಬರ ದಾರಿ ಹಿಡಿದಂತೆ. ಒಂದು ಸಾಮ್ಯ ಮಾತ್ರ ಕಣ್ಣಿಗೆ ಬೀಳುತ್ತದೆ. ಇಬ್ಬರಿಗೂ ತಿಥಿ ಇದೆ. ಇಬ್ಬರೂ ಬರುವ ದಿನ ಗೊತ್ತು, ಹೋಗುವ ದಿನ ಗೊತ್ತು. ಒಬ್ಬನ ಮುಖ ಕಟ್ಟಿಗೆಯದು, ಇನ್ನೊಬ್ಬನದು ಮಣ್ಣಿನದು. ಆ ಮುಖದ ಹಿಂದೆ ಇರುವವನು ನಮ್ಮೂರಿನವನೇ ಎಂದು ದೊಡ್ಡವರಿಗೆ ಗೊತ್ತು, ಮಕ್ಕಳಿಗೂ ಒಂದೆರಡು ವರ್ಷದಲ್ಲಿ ಗೊತ್ತಾಗುತ್ತದೆ. ಹಾಗೆಂದು ಅದರಲ್ಲಿ ತಪ್ಪಿಲ್ಲವೆಂದಲ್ಲ. ಕುಡಿದ ಕ್ರಾಂಪುಸರು ನೋಡುವವರ ಕಾಲಿಗೆ ಬಾರಿಸಿ ಗಾಯ ಮಾಡಿದ್ದುಂಟು, 1930ರ ದಶಕದಲ್ಲಿ ಆಸ್ಟ್ರಿಯಾದ ಸರ್ಕಾರ ಅವನನ್ನು ನಿಷೇಧಿಸಿಯೂ ಇತ್ತು.

ಇನ್ನೊಂದು ಬಗೆಯವನು ಗುಮ್ಮ. ಅವನಿಗೆ ತಿಥಿ ಇಲ್ಲ, ಮುಖವೂ ಇಲ್ಲ. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಗೆ ಅಂಗಲಾಚುತ್ತಾನೆ. ಮೂರು ಲೋಕ ಕಾಯುವವನೇ ಹೆದರಿದ್ದಾನೆ, ಅಂದಮೇಲೆ ಗುಮ್ಮ ಎಷ್ಟು ಬಲಿಷ್ಠ ನೋಡಿ. ಅವನ ಬಲ ಎಲ್ಲ ಅವನಿಗೆ ಮುಖ ಇಲ್ಲದ್ದರಲ್ಲಿದೆ. 1990ರ ದಶಕದಲ್ಲಿ ರಾತ್ರಿ ಯಾರೋ ಬಂದು ಬಾಗಿಲು ಬಡಿಯುತ್ತಾರೆಂಬ ಸುದ್ದಿ ಹಬ್ಬಿ, ಊರೂರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆದಿದ್ದರಲ್ಲ, ಅವಳಿಗೂ ಮುಖ ಇರಲಿಲ್ಲ. ಅಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ. ಖರ್ಚು ಸುಣ್ಣದ್ದು ಮಾತ್ರ.

ತೊಂದರೆ ಶುರುವಾಗುವುದು ಗುಮ್ಮನಿಗೆ ನಾವು ಒಂದು ಮುಖ ಹುಡುಕಿದಾಗ. ಉಣ್ಣದ ಮಗುವಿಗೆ ನಮ್ಮ ತಾಯಂದಿರು ಏನು ಹೇಳುತ್ತಿದ್ದರು? “ಸುಮ್ನ ಉಣ್ಣು, ಇಲ್ಲಂದ್ರ ಬುಡಬುಡಕ್ಯಾನ ಕೈಯಾಗ ಕೊಡ್ತೀನಿ.” “ದುರಗಮುರಗಿಯಂವ ಬಂದಾನ, ಚೀಲದಾಗ ಹಾಕ್ಕೊಂಡು ಹೋಗ್ತಾನ.” ಆ ದುರಗಮುರಗಿಯವನ ಕೈಯಲ್ಲಿ ಚಾಟಿ ಇರುತ್ತಿತ್ತು, ನಿಜ. ಫ್ರಾನ್ಸಿನಲ್ಲೂ ನಿಕೋಲಾಸನ ಹಿಂದೆ ‘ಚಾಟಿಯ ಅಪ್ಪ’ ಎಂಬ ಹೆಸರಿನವನು ಬರುತ್ತಾನೆ. ಆದರೆ ನಮ್ಮವನು ಆ ಚಾಟಿಯಿಂದ ಹೊಡೆದುಕೊಳ್ಳುತ್ತಿದ್ದದ್ದು ತನ್ನ ಮೈಗೇ, ಒಂದು ಹಿಡಿ ಜೋಳಕ್ಕಾಗಿ.

ಇದು ನಮ್ಮೊಬ್ಬರ ದೋಷವಲ್ಲ. ಐಸ್‌ಲ್ಯಾಂಡಿನಲ್ಲಿ ಗ್ರೀಲಾ ಎಂಬ ರಾಕ್ಷಸಿ ಇದ್ದಾಳೆ. 13ನೇ ಶತಮಾನದ ಗ್ರಂಥಗಳಲ್ಲೇ ಅವಳ ಹೆಸರಿದೆ. ಕ್ರಿಸ್‌ಮಸ್‌ಗೆ ಅವಳನ್ನು ಗಂಟು ಹಾಕಿದ್ದು 17ನೇ ಶತಮಾನದ ಹಾಡುಗಳು. ಆ ಹಾಡುಗಳಲ್ಲಿ ಅವಳು ಮನೆಮನೆಗೆ ಬೇಡುತ್ತ ಬರುವ ಮುದುಕಿ. ಬೇಡುವುದು ಮಾತ್ರ ಹಟಮಾರಿ ಮಕ್ಕಳನ್ನು. ಮಕ್ಕಳು ಎಷ್ಟು ಹೆದರಿದರೆಂದರೆ 1746ರಲ್ಲಿ ಅವರನ್ನು ಹೀಗೆ ಹೆದರಿಸಬಾರದೆಂದು ಸರ್ಕಾರದ ಆಜ್ಞೆಯೇ ಹೊರಟಿತು. ಹಾಲೆಂಡಿನಲ್ಲಿ 1850ರಲ್ಲಿ ಯಾನ್ ಶೆಂಕ್‌ಮನ್ ಎಂಬ ಶಾಲಾಮಾಸ್ತರರು, ಹೌದು, ನಮ್ಮಂಥವರೇ, ಮಕ್ಕಳ ಪುಸ್ತಕ ಬರೆದು ಸಂತ ನಿಕೋಲಾಸನಿಗೆ ಒಬ್ಬ ಕಪ್ಪು ಸೇವಕನನ್ನು ಕೊಟ್ಟರು. ಡಚ್ಚರ ವಸಾಹತುಗಳಲ್ಲಿ ಗುಲಾಮಗಿರಿ ಇನ್ನೂ ನಡೆದಿದ್ದ ಕಾಲ ಅದು, ರದ್ದಾದದ್ದು 1863ರಲ್ಲಿ. ಮುಂದೆ ಆ ಸೇವಕನೇ ಕೋಲು, ಚೀಲ ಹಿಡಿದು ತುಂಟ ಮಕ್ಕಳನ್ನು ಒಯ್ಯುವವನಾದ. ಮುಖಕ್ಕೆ ಮಸಿ ಬಳಿದುಕೊಂಡು ಆ ವೇಷ ಹಾಕುವುದು ಸರಿಯೇ ಎಂದು ಅಲ್ಲಿ ಈಚಿನ ವರ್ಷಗಳಲ್ಲಿ ದೊಡ್ಡ ಜಗಳವಾಗಿ, ಎಷ್ಟೋ ಊರುಗಳು ಅದನ್ನು ಬಿಟ್ಟಿವೆ.

ನಮ್ಮ ಕಡೆ ಏನಾಯಿತು? 2018ನೇ ಇಸವಿ ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿತ್ತು. ನನ್ನ ಮೊಬೈಲಿಗೂ ಬಂದಿತ್ತು, ಇಬ್ಬರಿಗೆ ಕಳಿಸಿಯೂ ಇದ್ದೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ವಾರದ ಸಂತೆಗೆ ಬಂದ ಐವರನ್ನು ಗ್ರಾಮ ಪಂಚಾಯತಿಯ ಕೋಣೆಯಲ್ಲಿ ಕೂಡಿ ಹಾಕಿ ಹೊಡೆದು ಕೊಂದರು. ಆ ಐವರು ನಾಥಪಂಥಿ ಡವರಿ ಗೋಸಾವಿಗಳು, ಊರೂರು ತಿರುಗಿ ಬೇಡುವವರು. ಅವರ ಮೂಲ ಊರುಗಳು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ ಅದು. ಎರಡು ವಾರ ಕಳೆಯುವ ಮೊದಲೇ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರ್ ಒಬ್ಬರ ಕೊಲೆ. ಅವರ ಗುಂಪಿನವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಸಂಶಯ ಹುಟ್ಟಿದ್ದು ಅಲ್ಲಿಂದ.

ಮಕ್ಕಳಿಗೆ ಸಿಹಿ ಹಂಚುವವನು ಸಂತ, ಚೀಲ ಹೊತ್ತು ನಿಂತವನು ಗುಮ್ಮ ಎಂದು ಯುರೋಪಿನ ಜನ ಇಬ್ಬರನ್ನು ಬೇರೆ ಮಾಡಿಟ್ಟಿದ್ದರು. ಮುರ್ಕಿಯ ದಾರಿಯಲ್ಲಿ ಇಬ್ಬರೂ ಒಬ್ಬನೇ ಆಗಿಹೋದ.

ಆ ದಿನ ಕೈ ಎತ್ತಿದವರೆಲ್ಲ ಸಣ್ಣವರಿದ್ದಾಗ ತುತ್ತು ತುತ್ತಿಗೂ ‘ಗುಮ್ಮ ಒಯ್ತಾನ’ ಎಂದು ಕೇಳಿಸಿಕೊಂಡವರೇ ಇರಬೇಕು. ನಾನೂ ಕೇಳಿಸಿಕೊಂಡವನು. ಅದರಿಂದ ಏನಾಯಿತು ಎಂಬುದನ್ನು ಈ ಶಾಲೆಯಲ್ಲೇ ನಿಂತು ಹೇಳಬೇಕಾಗಿದೆ. ಗೆಳೆಯರಲ್ಲಿ ಕೆಲವರಿಗೆ ಇದು ನೆನಪಿರಬಹುದು, ನೆನಪಿದ್ದರೆ ದಯವಿಟ್ಟು ಸಿಟ್ಟಾಗಬೇಡಿ.

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ ಬುಡಬುಡಕಿ ಮನೆತನದ ಒಬ್ಬ ಹುಡುಗ ನಮ್ಮ ವರ್ಗಕ್ಕೆ ಸೇರಿದ. ಅವರ ಗುಡಾರ ಊರ ಹೊರಗೆ, ರೈಲು ಹಳಿಯ ಆಚೆ. ಅವನ ಅಪ್ಪನನ್ನು ನಾವೆಲ್ಲ ಬಲ್ಲೆವು. ನಸುಕಿನಲ್ಲಿ ಬುಡಬುಡಕಿ ಬಾರಿಸುತ್ತ, ಬಣ್ಣ ಬಣ್ಣದ ಬಟ್ಟೆ ಹೊದ್ದು, ಹಾಲಕ್ಕಿ ನುಡಿದ ಶಕುನ ಹೇಳುತ್ತ ಬರುತ್ತಿದ್ದವರು. ಯಾರ ಹೆಸರು ಹೇಳಿ ನಮಗೆ ಅನ್ನ ಉಣಿಸಿದ್ದರೋ ಅವರ ಮಗ ನನ್ನ ಬೆಂಚಿಗೆ ಬಂದು ಕುಳಿತಿದ್ದ. ಮೊದಲನೆಯ ದಿನವೇ ಯಾರೋ ಹಿಂದಿನಿಂದ ‘ಗುಮ್ಮ ಬಂದ’ ಅಂದರು. ಹೆಸರು ನಿಂತುಬಿಟ್ಟಿತು. ನನ್ನ ಪಾಟಿಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದವರಲ್ಲಿ ಮೊದಲಿಗ ನಾನೇ. ಅವನು ಯಾರಿಗೂ ಏನೂ ಮಾಡಿರಲಿಲ್ಲ. ನನ್ನ ಕಾಲು ನಿಜವಾಗಿಯೂ ನಡುಗುತ್ತಿದ್ದವು. ಹದಿಮೂರು ವರ್ಷದವನಿಗೆ ಗುಮ್ಮ ಇಲ್ಲವೆಂದು ಗೊತ್ತಿರುತ್ತದೆ. ಗೊತ್ತಿದ್ದರೂ ಕಾಲಿಗೆ ಗೊತ್ತಿರಲಿಲ್ಲ.

ಒಂದು ದಿನ ವಿಜ್ಞಾನದ ಗುರುಗಳು ಹಕ್ಕಿಗಳ ಪಾಠ ಮಾಡುವಾಗ ಕಿಟಕಿಯ ಹೊರಗೆ ಯಾವುದೋ ಹಕ್ಕಿ ಕೂಗಿತು. ಇದು ಯಾವುದು ಎಂದು ಕೇಳಿದರು. ಅವನು ಎದ್ದು ನಿಂತು ಹೆಸರು ಹೇಳಿದ್ದಲ್ಲದೆ, ಅದು ಹಗಲು ಹೇಗೆ ಕೂಗುತ್ತದೆ, ಗೂಡಿನ ಹತ್ತಿರ ಹಾವು ಬಂದರೆ ಹೇಗೆ ಕೂಗುತ್ತದೆ ಎಂದು ಎರಡನ್ನೂ ಕೂಗಿ ತೋರಿಸಿದ. ಇಡೀ ವರ್ಗ ನಕ್ಕಿತು. ಗುರುಗಳು ನಗಲಿಲ್ಲ, ಆದರೆ ನಮ್ಮ ನಗೆ ನಿಲ್ಲಿಸಲಿಕ್ಕೂ ಆಗಲಿಲ್ಲ. ದೀಪಾವಳಿ ಸೂಟಿ ಮುಗಿದ ಮೇಲೆ ಅವನು ಬರಲಿಲ್ಲ. ಅವರು ಗುಡಾರ ಕಿತ್ತುಕೊಂಡು ಹೋಗಿದ್ದರಬಹುದು. ನಾವು ಯಾರೂ ಹಳಿ ದಾಟಿ ಹೋಗಿ ನೋಡಲಿಲ್ಲ.

ಈ ಸ್ಮರಣ ಸಂಚಿಕೆಗೆ ಆ ವರ್ಷದ ಗ್ರೂಪ್ ಫೋಟೋ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಹುಡುಕಿ ತೆಗೆದೆ. ಫೋಟೋ ತೆಗೆಸಿದ್ದು ಫೆಬ್ರುವರಿಯಲ್ಲಿ, ಅವನಿಲ್ಲ. ಹೋದ ತಿಂಗಳು ಆಫೀಸಿಗೆ ಬಂದು ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಸಿದೆ. ಅಲ್ಲಿ ಅವನಿದ್ದಾನೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ. ಶಾಲೆ ಬಿಟ್ಟ ಕಾರಣ ಎಂಬ ಕಾಲಂನಲ್ಲಿ ‘ದೀರ್ಘ 
ಗೈರುಹಾಜರಿ’. ದಾಖಲೆ ಪತ್ರ ಒಯ್ದವರ ಸಹಿ ಇರಬೇಕಾದ ಜಾಗ ಖಾಲಿ ಇದೆ.

ಸಂಚಿಕೆಯ ಕೊನೆಗೆ ಐವತ್ತು ವರ್ಷದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರುತ್ತದೆಯಲ್ಲ, ಅದರಲ್ಲಿ ಪಾಸಾದವರ ಹೆಸರು ಮಾತ್ರ ಇತ್ತು. ಆರು ತಿಂಗಳು ಬಂದು ಹೋದವನ ಹೆಸರನ್ನೂ ಸೇರಿಸಬೇಕೆಂದು ಕೇಳಿಕೊಂಡೆ. ಹಾಗೆ ಮಾಡಿದರೆ ಇನ್ನೂ ಎಷ್ಟು ಹೆಸರು ಸೇರಿಸಬೇಕಾದೀತು ಎಂದು ಅವರು ರಿಜಿಸ್ಟರ್ ತಿರುವಿ ನೋಡುತ್ತಿದ್ದಾರೆ. ಮೊನ್ನೆ ವಿಚಾರಿಸಿದಾಗ ಮೂರನೆಯ ಪುಸ್ತಕ ನಡೆದಿತ್ತು.

ನಿಮ್ಮ ಮಧ್ಯಾಹ್ನದ ಊಟದ ಹೊತ್ತಾಗಿದೆ.